ಪಿರಿಯಾಪಟ್ಟಣದ ಅಗಳು

ಕೋಟೆಯನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಗೋಡೆಯನ್ನು ನೋಡಬೇಕೆಂದು ಹೊರಡುತ್ತಾರೆ. ನಾವೂ ಹಾಗೆಯೇ ಹೊರಟೆವು. ನೋಡಿಬಂದುದು ಬಹುಮಟ್ಟಿಗೆ ಅಗಳನ್ನು. ಅದರ ವಿಷಯವನ್ನೇ ಈ ದಿನ ನಾಲ್ಕು ಮಾತುಗಳಲ್ಲಿ ಅರಿಕೆ ಮಾಡಬೇಕೆಂದಿದ್ದೇವೆ.

ಮೈಸೂರಿನಿಂದ ಕೊಡಗಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನು ದಾಟಿ ಮುಂದೆ ಹೋದರೆ ಪಿರಿಯಾಪಟ್ಟಣ ಸಿಕ್ಕುತ್ತದೆ. ಮೈಸೂರಿಗೆ ಸುಮಾರು 70 ಕಿಲೋಮೀಟರು. ಹಳಬರ ಲೆಕ್ಕದಲ್ಲಿ ನಾಲ್ವತ್ತು ಮೈಲಿಗೆ ತುಸು ಮೇಲೆ. ಮಡಿಕೇರಿಯ ಕಡೆಗೆ ಹೋಗುವ ಅಸಂಖ್ಯ ಮಂದಿ ಈ ಊರನ್ನು ಹಾದುಹೋಗುತ್ತಾರೆ. ಕಾಫಿಗೆಂದು ಇಳಿಯುವವರುಂಟು, ಕೋಟೆಗೆಂದು ಇಳಿಯುವವರು ಬಹಳ ವಿರಳ. ನಾವು ಮೂವರು ಹೆದ್ದಾರಿಯನ್ನು ಬಿಟ್ಟು, ಅದೇ ತಾಲ್ಲೂಕಿನ ಹೋಬಳಿಯ ಊರಾದ ರಾವಂದೂರಿನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ರಾತ್ರಿ ತಂಗಿದ್ದು, ಬೆಳಗಿನ ಜಾವ ಬೈಸಿಕಲ್ಲುಗಳನ್ನೇರಿ ಒಳದಾರಿಯಲ್ಲಿ ಹೊರಟೆವು.

ಬೈಸಿಕಲ್ಲೇಕೆಂದು ಕೇಳುವವರು ಕೇಳಬಹುದು. ಚರಿತ್ರೆಯನ್ನು ಓದುವವನಿಗೆ ಅದರಿಂದ ಒಂದು ಪ್ರಯೋಜನವುಂಟು. ಮೋಟಾರಿನಲ್ಲಿ ಕುಳಿತವನಿಗೆ ನೆಲದ ಏರು ತಗ್ಗುಗಳು ತಿಳಿಯುವುದಿಲ್ಲ. ತುಳಿಯುವವನ ಮಂಡಿಗೆ ಒಂದೊಂದು ಮಾರೂ ತಿಳಿಯುತ್ತದೆ. ಹಿಂದೆ ಈ ನಾಡಿನ ಮೇಲೆ ಹಾದುಹೋದ ದಂಡುಗಳು, ಎತ್ತಿನ ಬಂಡಿಗಳು, ಹಗ್ಗ ಕಟ್ಟಿ ಎಳೆಸಿದ ಫಿರಂಗಿಗಳು ಕಂಡದ್ದು ಮಂಡಿಗೆ ತಿಳಿಯುವ ಈ ನೆಲವನ್ನೇ. ಒಂದು ದಿಣ್ಣೆಯನ್ನು ಏದುಸಿರು ಬಿಡುತ್ತ ಹತ್ತಿದ ಮೇಲೆ, ಅಲ್ಲಿ ಏಕೆ ಕೋಟೆ ಕಟ್ಟಿದರೆಂಬುದನ್ನು ಯಾರೂ ವಿವರಿಸಬೇಕಾದುದಿಲ್ಲ.

ಅದು ಭಾದ್ರಪದ ಮಾಸ. ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಕೊಯ್ಲು ನಡೆದಿತ್ತು. ಸೊಪ್ಪನ್ನು ಬೇಯಿಸುವ ಎತ್ತರದ ಬ್ಯಾರನ್ ಮನೆಗಳ ಕೆಳಗೆ ಸೌದೆ ಉರಿಯುತ್ತಿತ್ತು. ರಾತ್ರಿಯೆಲ್ಲ ಉರಿಯನ್ನು ಕಾದವರು ಗೋಡೆಗೊರಗಿ ಕುಳಿತಿದ್ದರು. ಹಸಿ ಮಣ್ಣಿನ ವಾಸನೆಯೊಡನೆ ಸೊಪ್ಪಿನ ಸಿಹಿಗಾರವೂ ಬೆರೆತು, ನಮ್ಮಲ್ಲಿ ಒಬ್ಬರಿಗೆ ಸೀನು ಹಿಡಿದು, ಎರಡು ಮೈಲಿಯವರೆಗೆ ಬಿಡಲಿಲ್ಲ. ಬಲಗಡೆಯ ಬಾನಂಚಿನಲ್ಲಿ ಬೆಟ್ಟದಪುರದ ಬೆಟ್ಟವು ಒಂಟಿಯಾಗಿ ನಿಂತು, ನಾವು ಎಷ್ಟು ತುಳಿದರೂ ಇದ್ದಲ್ಲಿಯೇ ಇರುವಂತೆ ತೋರುತ್ತಿತ್ತು. ಸಮುದ್ರ ಮಟ್ಟಕ್ಕೆ 4,300 ಅಡಿಗೂ ಮಿಕ್ಕಿ ಎತ್ತರವಾದ ಈ ಬೆಟ್ಟದ ನೆತ್ತಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿಯುಂಟು. ಮೆಟ್ಟಿಲುಗಳು ಮೂರು ಸಾವಿರವೆಂದು ಸ್ನೇಹಿತರು ಹೇಳಿದರು. ಎಣಿಸುವ ಉತ್ಸಾಹವನ್ನು ನಾವು ತೋರಿಸಲಿಲ್ಲ.

ಈ ಬೆಟ್ಟದ ದೇವರೇ ಪಿರಿಯಾಪಟ್ಟಣದ ಅರಸರ ಕುಲದೈವ. ಆ ಅರಸರು ಚಂಗಾಳ್ವರು. ಈಗಿನ ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳೂ ಕೊಡಗಿನ ಪೂರ್ವದ ಅಂಚೂ ಸೇರಿ ಚಂಗನಾಡು. ಹನ್ನೊಂದನೆಯ ಶತಮಾನದಿಂದಲೂ ಇವರ ಹೆಸರು ಶಾಸನಗಳಲ್ಲಿ ಕಾಣುತ್ತದೆ. ಮೊದಲು ಚೋಳರಿಗೆ, ಆಮೇಲೆ ಹೊಯ್ಸಳರಿಗೆ, ಅದರಾಚೆಗೆ ವಿಜಯನಗರಕ್ಕೆ ತಲೆಬಾಗಿ, ತಲೆಯನ್ನು ಉಳಿಸಿಕೊಂಡು ಬಂದ ಮನೆತನ ಇದು. ಮೊದಲಿಗೆ ಜೈನರು, ಹನಸೋಗೆಯ ಬಸದಿಗಳು ಇವರ ಆಶ್ರಯವನ್ನು ಪಡೆದಂಥವು. ಅನಂತರ ವೀರಶೈವರಾದರು. ದೊಡ್ಡ ಸಾಮ್ರಾಜ್ಯಗಳ ಕಥೆಯನ್ನು ಮಾತ್ರ ಓದಿ ಬೆಳೆದ ನಮಗೆ ಇಂಥ ಮನೆತನಗಳು ಅಡಿಟಿಪ್ಪಣಿಯಂತೆ ತೋರುವುದು ಸಹಜ. ಆದರೆ ಆರು ನೂರು ವರ್ಷ ಒಂದೇ ನಾಡನ್ನು ಹಿಡಿದುಕೊಂಡಿರುವುದು ವಿಜಯನಗರದ ಚಕ್ರವರ್ತಿಗಳಿಗೂ ಸಾಧ್ಯವಾಗಲಿಲ್ಲವೆಂಬುದನ್ನು ಮರೆಯಬಾರದು.

ಇವರ ನಾಡಿನಲ್ಲಿ ಕನ್ನಡವೂ ಬೆಳೆಯಿತು. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸ ಕಲ್ಲಹಳ್ಳಿಯ ಪ್ರಭು. ಜೈನಕಾವ್ಯಗಳನ್ನು ಬರೆದ ಕೈಯಿಂದಲೇ ‘ಸೂಪಶಾಸ್ತ್ರ’ವೆಂಬ ಅಡಿಗೆಯ ಗ್ರಂಥವನ್ನೂ ಪದ್ಯದಲ್ಲಿ ಬರೆದವನು. ದಾರಿಯಲ್ಲಿ ಒಂದು ಅರಳಿಕಟ್ಟೆಯ ಮೇಲೆ ಕುಳಿತು, ಕಟ್ಟಿತಂದಿದ್ದ ಅವಲಕ್ಕಿಯ ಗಂಟನ್ನು ಬಿಚ್ಚಿದಾಗ ಮಂಗರಸನ ಹೆಸರನ್ನು ಯಾರೋ ಎತ್ತಿದರು. ಆ ಮಹಾನುಭಾವನ ನಾಡಿನಲ್ಲಿ ಇಂಥ ಒಣ ಅವಲಕ್ಕಿಯನ್ನು ತಿನ್ನುವುದು ಅಪಚಾರವೆಂದು ಎಲ್ಲರೂ ಒಪ್ಪಿದೆವು, ತಿಂದು ಮುಗಿಸಿದೆವು.

ಊರಿನ ಹೆಸರಿನ ವಿಷಯದಲ್ಲಿ ಒಂದು ಮಾತು. ಹಿಂದೆ ಇದು ಸಿಂಗಪಟ್ಟಣವಾಗಿತ್ತೆಂದು ಪ್ರತೀತಿ. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಪಿರಿಯರಾಜನೆಂಬ ಚಂಗಾಳ್ವ ದೊರೆ ಕೋಟೆಯನ್ನು ಕಲ್ಲಿನಲ್ಲಿ ಬಲಪಡಿಸಿ ಊರಿಗೆ ತನ್ನ ಹೆಸರಿಟ್ಟನು. ಹಳಗನ್ನಡದ ‘ಪಿರಿಯ’ವೇ ಇಂದಿನ ‘ಹಿರಿಯ’. ಪಕಾರವು ಹಕಾರವಾದುದು ಕನ್ನಡದಲ್ಲೆಲ್ಲ ನಡೆದ ಮಾರ್ಪಾಡು. ಹಾಲು, ಹೂವು, ಹುಲಿಗಳೆಲ್ಲ ಅದಕ್ಕೆ ಒಳಗಾದುವು. ಈ ಊರಿನ ಹೆಸರು ಮಾತ್ರ ಒಳಗಾಗಲಿಲ್ಲ. ಪರದೇಶದಿಂದ ಬಂದವನೊಬ್ಬನು ಇದನ್ನು ‘ಪ್ರಿಯಪಟ್ಟಣ’ವೆಂದು ಕೇಳಿಸಿಕೊಂಡು, ಪ್ರೀತಿಪಾತ್ರವಾದ ಪಟ್ಟಣವೆಂದು ಅರ್ಥ ಮಾಡಿಕೊಂಡನು. ಅವನನ್ನು ಮುಂದೆ ಮತ್ತೆ ಕಾಣುವೆವು.

ಬಿಸಿಲು ಏರುವ ಹೊತ್ತಿಗೆ ಕೋಟೆಯ ಬಳಿಗೆ ಬಂದೆವು. ಗೋಡೆಯೆಂದು ಹೇಳಿಕೊಳ್ಳಬಹುದಾದುದು ಅಲ್ಲೊಂದು ಇಲ್ಲೊಂದು ತುಂಡು. ಲಂಟಾನದ ಪೊದೆ, ಕಳ್ಳಿ, ಉರುಳಿದ ಕಲ್ಲು. ಬೈಸಿಕಲ್ಲುಗಳನ್ನು ಒಂದು ಬೇವಿನ ಮರಕ್ಕೆ ಒರಗಿಸಿ ಪೊದೆಗಳ ನಡುವೆ ನುಗ್ಗಿದಾಗ, ಮುಂದೆ ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ನಿಂತರು. ಕಾಲಡಿಯಲ್ಲಿ ನೆಲವು ಮುಗಿದು ಅಗಳು ತೊಡಗಿತ್ತು. ಮಳೆಗಾಲದ ನೀರು ತಳದಲ್ಲಿ ಹಸುರುಗಟ್ಟಿ ನಿಂತಿತ್ತು. ಆಚೆಯ ದಡದಲ್ಲಿ ಮೀಂಚುಳ್ಳಿಯೊಂದು ಕುಳಿತಿತ್ತು.

ಅಗಳೆಂಬುದು ಕೋಟೆಗೆ ಒಡವೆಯಲ್ಲ, ಕೋಟೆಯ ತಾಯಿ. ಗೋಡೆಗೆ ಬೇಕಾದ ಮಣ್ಣು ಬಂದುದೇ ಅಲ್ಲಿಂದ. ಒಂದು ಮಕ್ಕರಿ ಮಣ್ಣನ್ನು ಅಗೆದು ಒಳಬದಿಗೆ ಸುರಿದರೆ, ಹಳ್ಳವು ಒಂದು ಮಕ್ಕರಿಯಷ್ಟು ಆಳವಾಯಿತು, ದಿಬ್ಬವು ಒಂದು ಮಕ್ಕರಿಯಷ್ಟು ಎತ್ತರವಾಯಿತು. ಶತ್ರುವಿಗೆ ಎರಡೂ ಕೂಡಿಯೇ ಎದುರಾಗುತ್ತವೆ. ಏಣಿಯನ್ನು ಹೊತ್ತು ಬಂದವನು ಅದನ್ನು ಹಳ್ಳದ ತಳದಲ್ಲಿ ಊರಬೇಕು; ಆಗ ಹದಿನೈದು ಅಡಿಯ ಗೋಡೆಗೆ ಮೂವತ್ತು ಅಡಿಯ ಏಣಿ ಬೇಕಾಗುತ್ತದೆ. ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಬೇಕೆಂದು ಬಂದವನಿಗೆ ನೀರು ಒಸರಿ ಮದ್ದು ನೆನೆಯುತ್ತದೆ. ಆದುದರಿಂದ ಮುತ್ತಿಗೆ ಹಾಕುವವರು ಮೊದಲು ಮಾಡುತ್ತಿದ್ದ ಕೆಲಸ ಅಗಳನ್ನು ತುಂಬುವುದು: ಸೌದೆಯ ಹೊರೆ, ಮಣ್ಣಿನ ಮೂಟೆ, ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕಬೇಕು. ಮೇಲಿನ ಕೊತ್ತಲದಿಂದ ಗುಂಡು ಬೀಳುತ್ತಿರುವಾಗ ಇದು ಸುಖದ ಕೆಲಸವಲ್ಲ.

ಇಷ್ಟನ್ನು ಎಲ್ಲ ಯುದ್ಧಶಾಸ್ತ್ರದವರೂ ಹೇಳುತ್ತಾರೆ. ಅವರು ಅಷ್ಟಾಗಿ ಹೇಳದೆ ಬಿಡುವುದು ಇನ್ನೊಂದುಂಟು. ಅಗಳು ಹೊರಗಿನವರನ್ನು ಒಳಕ್ಕೆ ಬಿಡದಿರುವಂತೆಯೇ ಒಳಗಿನವರನ್ನು ಹೊರಕ್ಕೂ ಬಿಡುವುದಿಲ್ಲ. ಪಿರಿಯಾಪಟ್ಟಣದ ಅಗಳಿನ ಚರಿತ್ರೆಯನ್ನು ನೋಡಿದರೆ, ಅದು ಹೊರಗಿನವರನ್ನು ತಡೆದದ್ದಕ್ಕಿಂತ ಒಳಗಿನವರನ್ನು ತಡೆದದ್ದೇ ಹೆಚ್ಚೆಂದು ನಮಗೆ ತೋರುತ್ತದೆ.

ಮೈಸೂರಿನಲ್ಲಿ 1638ರಿಂದ 1659ರವರೆಗೆ ಆಳಿದವರು ರಣಧೀರ ಕಂಠೀರವ ನರಸರಾಜ ಒಡೆಯರು. ಮೈಸೂರಿನ ನಾಡು ಅವರ ಕಾಲದಲ್ಲಿ ನಾಲ್ಕು ಕಡೆಗೂ ಹಬ್ಬತೊಡಗಿತ್ತು. ಪಶ್ಚಿಮಕ್ಕೆ ಹಬ್ಬಬೇಕಾದರೆ ದಾರಿಗೆ ಅಡ್ಡವಾಗಿದ್ದುದು ಪಿರಿಯಾಪಟ್ಟಣ. 1641 ಮತ್ತು 1645ರ ನಡುವೆ (ಲೆಕ್ಕ ಹಾಕುವವರಲ್ಲಿ ಒಂದೆರಡು ವರ್ಷಗಳ ಭೇದವುಂಟು) ಮೈಸೂರಿನ ದಂಡು ಬಂದು ಕೋಟೆಯನ್ನು ಮುತ್ತಿತು. ಗೋವಿಂದವೈದ್ಯನು 1648ರಲ್ಲಿ ಸಾಂಗತ್ಯದಲ್ಲಿ ಬರೆದ ‘ಕಂಠೀರವ ನರಸರಾಜ ವಿಜಯ’ವು ಗೆದ್ದ ಅರಸನ ಆಸ್ಥಾನದ ಕಾವ್ಯ. ಸೋತವರ ಕಡೆಯಿಂದ ಅಂಥ ಕಾವ್ಯ ಬರಲಿಲ್ಲ, ಬರೆಸುವವರು ಉಳಿದಿರಲಿಲ್ಲ. ಉಳಿದುದು ಜನರ ಬಾಯಲ್ಲಿದ್ದ ಒಂದು ಕಥೆ. ರೈಸ್ ಸಾಹೇಬರ ಗ್ಯಾಸೆಟಿಯರಿನಲ್ಲಿ ಅದು ಎರಡು ಪಂಕ್ತಿಗಳಾಗಿ ಸೇರಿದೆ. ಕೋಟೆ ಇನ್ನು ನಿಲ್ಲದೆಂದು ಕಂಡ ದೊರೆ ವೀರರಾಜನು ತನ್ನ ಹೆಂಡಿರನ್ನೂ ಮಕ್ಕಳನ್ನೂ ಕೊಂದು, ಆಮೇಲೆ ಕತ್ತಿ ಹಿಡಿದು ಕಾದಿ ಮಡಿದನು ಎಂಬುದಾಗಿ.

ಇದನ್ನು ಹೇಳುವವರು ಬಹುಮಂದಿ ಮೆಚ್ಚುಗೆಯ ದನಿಯಲ್ಲಿಯೇ ಹೇಳುತ್ತಾರೆ. ನಾವೂ ಶಾಲೆಯ ದಿನಗಳಲ್ಲಿ ಇಂಥ ಕಥೆಗಳನ್ನು ಕೇಳಿ ರೋಮಾಂಚಗೊಂಡವರೇ. ಆದರೆ ಆ ಅಗಳಿನ ದಂಡೆಯಲ್ಲಿ ನಿಂತಾಗ ಆ ರೋಮಾಂಚ ಬರಲಿಲ್ಲ. ಅರಸನಿಗೆ ಕೈಯಲ್ಲಿ ಕತ್ತಿಯಿತ್ತು. ಕೋಟೆಯ ಬಾಗಿಲನ್ನು ತೆಗೆಸಿ ಹೊರಟು ಸಾಯುವ ಸ್ವಾತಂತ್ರ್ಯವಿತ್ತು. ಅವನಿಗಿಂತ ಮುಂಚೆ ಸತ್ತವರಿಗೆ ಇವೆರಡೂ ಇರಲಿಲ್ಲ. ಅವರು ಎಷ್ಟು ಮಂದಿ, ಅವರ ಹೆಸರೇನು, ಮಕ್ಕಳ ವಯಸ್ಸೇನು ಎಂಬುದನ್ನು ಯಾರೂ ಬರೆದಿಡಲಿಲ್ಲ. ಸಾಯಲು ಒಪ್ಪುವಿರಾ ಎಂದು ಅವರನ್ನು ಕೇಳಿದಂತೆಯೂ ಕಥೆಯಲ್ಲಿಲ್ಲ. ಗೆದ್ದವರ ಕೈಗೆ ಸಿಕ್ಕಿದ್ದರೆ ಅವರ ಪಾಡೇನಾಗುತ್ತಿತ್ತೆಂದು ವಾದಿಸುವವರು ವಾದಿಸಬಹುದು. ಆ ವಾದಕ್ಕೆ ಉತ್ತರ ಕೊಡಬೇಕಾದವರು ಅವರೇ. ನಮ್ಮಲ್ಲಿ ಹಿರಿಯರಾದವರು, ‘ಈ ಕಥೆಯನ್ನು ಇನ್ನು ಮೇಲೆ ಹೇಳುವಾಗ ದನಿಯನ್ನು ಸ್ವಲ್ಪ ತಗ್ಗಿಸಿ ಹೇಳಬೇಕು’ ಎಂದರು. ನಮಗೂ ಹಾಗೆಯೇ ಎನ್ನಿಸಿತು.

ಆ ಮೇಲಿನ ನೂರೈವತ್ತು ವರ್ಷಗಳಲ್ಲಿ ಪಿರಿಯಾಪಟ್ಟಣವು ಮೈಸೂರಿನ ಗಡಿಯ ಠಾಣ್ಯವಾಗಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಇದಕ್ಕೆ ಸೆರೆಮನೆಯ ಕೆಲಸ ಬಂದಿತು. ಕೊಡಗಿನ ಹಾಲೇರಿ ಮನೆತನದ ರಾಜಕುಮಾರರನ್ನು ಹಿಡಿದು ಮೊದಲು ಗೊರೂರಿನಲ್ಲಿ ಇರಿಸಿದ್ದರು. ಅನಂತರ ಪಿರಿಯಾಪಟ್ಟಣದ ಕೋಟೆಗೆ ತಂದರು. ಅವರಲ್ಲಿ ಹಿರಿಯನಾದ ದೊಡ್ಡ ವೀರರಾಜೇಂದ್ರನು 1788ರ ಡಿಸೆಂಬರಿನಲ್ಲಿ ತನ್ನವರ ಸಹಾಯದಿಂದ ತಪ್ಪಿಸಿಕೊಂಡು ಕೊಡಗನ್ನು ಸೇರಿದನು. ಕಾವಲನ್ನೂ ಅಗಳನ್ನೂ ದಾಟಿ ಜೀವಸಹಿತ ಹೊರಬಿದ್ದ ರಾಜರಲ್ಲಿ ನಮಗೆ ತಿಳಿದಂತೆ ಇವನೊಬ್ಬನೇ. 1808ರಲ್ಲಿ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ಯೆಂಬ ಹೆಸರಿನಿಂದ ಕನ್ನಡದಲ್ಲಿ ಬರೆಸಿದವನೂ ಇವನೇ. ಸೋತವರಿಗೂ ತಪ್ಪಿಸಿಕೊಂಡವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ತಪ್ಪಿಸಿಕೊಂಡವನು ಬರೆಸಬಲ್ಲನು.

ಹಾಗೆ ತಪ್ಪಿಸಿಕೊಂಡ ಒಬ್ಬ ಮನುಷ್ಯನಿಂದ ಮೈಸೂರಿಗಾದ ನಷ್ಟ ಅಷ್ಟಿಷ್ಟಲ್ಲ. 1791ರಲ್ಲಿ ಬೊಂಬಾಯಿಯ ಸೈನ್ಯವು ಜನರಲ್ ಅಬರ್‌ಕ್ರಾಂಬಿಯ ಕೈಕೆಳಗೆ ಮಲೆಯಾಳದ ತೀರದಿಂದ ಘಟ್ಟ ಹತ್ತಿ ಬಂದಾಗ, ಕೊಡಗಿನ ದಾರಿಯನ್ನು ತೆರೆದುಕೊಟ್ಟವನು ವೀರರಾಜೇಂದ್ರನು. ಆ ಭೇಟಿಯ ನೆನಪಿಗೆ ಮರುವರ್ಷ ಅವನು ಕಟ್ಟಿಸಿದ ಪೇಟೆಯೇ ವೀರರಾಜಪೇಟೆ. ಆ ದಂಡು ನೇರವಾಗಿ ಬಂದಿಳಿದದ್ದು ಪಿರಿಯಾಪಟ್ಟಣಕ್ಕೆ. ಅತ್ತ ಪೂರ್ವದಿಂದ ಶ್ರೀರಂಗಪಟ್ಟಣದ ಮೇಲೆ ಬಂದಿದ್ದ ಕಾರ್ನ್‌ವಾಲಿಸನು ಮಳೆಗೂ ಎತ್ತುಗಳ ಸಾವಿಗೂ ಸಿಕ್ಕಿ, ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಆಗ ಅಬರ್‌ಕ್ರಾಂಬಿಯೂ ಹಿಮ್ಮೆಟ್ಟಿದನು. ಈ ಯುದ್ಧಗಳ ಕಾಲದಲ್ಲಿ, ಪಿರಿಯಾಪಟ್ಟಣದ ಕೋಟೆ ಹಗೆಗಳಿಗೆ ಆಸರೆಯಾಗಬಾರದೆಂದು, ಅದನ್ನು ಹಾಳುಗೆಡಹುವಂತೆ ಸುಲ್ತಾನನೇ ಅಪ್ಪಣೆ ಮಾಡಿದನೆಂದು ಹಳೆಯ ಬರೆಹಗಳಿಂದ ತಿಳಿಯಬರುತ್ತದೆ.

ಕೋಟೆಯನ್ನು ಕೆಡಹುವುದು ಸುಲ್ತಾನನಿಗೆ ಹೊಸದಲ್ಲ. ಮೈಸೂರಿನ ಕೋಟೆಯನ್ನು ಕೆಡವಿಸಿ ಆ ಕಲ್ಲುಗಳಿಂದ ನಜರಬಾದಿನ ಕೋಟೆಯನ್ನು ಕಟ್ಟಲು ತೊಡಗಿದ್ದವನು ಅವನು. 1799ರ ಮೇಲೆ ಅವೇ ಕಲ್ಲುಗಳನ್ನು ಮತ್ತೆ ಮೈಸೂರಿಗೆ ಹೊತ್ತುತಂದರು. ಮೈಸೂರಿನ ನಾಗರಿಕರು ದಿನವೂ ಕಾಣುವ ಗೋಡೆಯಲ್ಲಿ ಹೀಗೆ ಹೋಗಿ ಬಂದ ಕಲ್ಲುಗಳು ಎಷ್ಟಿರಬಹುದೋ! ಕಲ್ಲಿಗೆ ಸ್ಥಿರತೆಯೆಂದು ಕವಿಗಳು ಹೇಳುವುದನ್ನು ಬಂಡಿ ಹೊಡೆಯುವವರು ಒಪ್ಪಲಾರರು. ಹಳ್ಳವನ್ನಾದರೋ ಯಾರೂ ಸಾಗಿಸಲಾರರು. ಅದನ್ನು ಮುಚ್ಚಬಹುದು, ಆದರೆ ಮುಚ್ಚುವುದಕ್ಕೆ ಹಣವೂ ಬೇಕು, ಶಾಂತಿಯ ಕಾಲವೂ ಬೇಕು. ಮೈಸೂರಿನ ಅಗಳಿಗೆ ಅವೆರಡೂ ಒದಗಿದುವು.

ಕೊನೆಯ ಯುದ್ಧದಲ್ಲಿ ಪಿರಿಯಾಪಟ್ಟಣಕ್ಕೆ ಮತ್ತೊಂದು ಸಲ ದಂಡು ಬಂದಿತು. 1799ರ ಮಾರ್ಚಿಯಲ್ಲಿ ಜನರಲ್ ಸ್ಟುವರ್ಟನ ಸೈನ್ಯ ಕೊಡಗಿನ ಗಡಿಯಲ್ಲಿ ಬೀಡುಬಿಟ್ಟಿತ್ತು. ಇಲ್ಲಿಂದ ಪಶ್ಚಿಮಕ್ಕೆ ಏಳೆಂಟು ಮೈಲಿ ದೂರದಲ್ಲಿ ಸಿದ್ಧೇಶ್ವರದ ಬೆಟ್ಟ. ಇಂಗ್ಲಿಷರ ಬಾಯಲ್ಲಿ ಅದು ಸೆದಸೀರ್ ಆಯಿತು. ಮಾರ್ಚಿ 5ರಂದು ಆ ಬೆಟ್ಟದ ಮೇಲಿದ್ದ ಕಾವಲಿನವರಿಗೆ ಪಿರಿಯಾಪಟ್ಟಣದ ಮುಂದೆ ಗುಡಾರಗಳು ಒಂದೊಂದಾಗಿ ಏಳುವುದು ಕಂಡಿತು. ಸಂಜೆಯ ಹೊತ್ತಿಗೆ ಅವು ನೂರಾರಾದುವು. ನಡುವೆ ದೊಡ್ಡದಾದ ಒಂದು ಹಸುರು ಗುಡಾರ. ಸುಲ್ತಾನನೇ ಬಂದಿರುವನೆಂದು ಅದರಿಂದ ಊಹಿಸಿದರು; ಊಹೆ ನಿಜವಾಯಿತು. ಮರುದಿನ, 6ರ ಬೆಳಗ್ಗೆ, ಸುಲ್ತಾನನ ಆಯ್ದ ದಳಗಳು ಕಾಡಿನಲ್ಲಿ ನುಸುಳಿ ಮಾಂಟ್ರೆಸರನ ತುಕಡಿಯನ್ನು ಹಿಂದಿನಿಂದಲೂ ಮುಂದಿನಿಂದಲೂ ಸುತ್ತುಗಟ್ಟಿದುವು. ಆರು ಗಂಟೆಗಳಷ್ಟು ಹೊತ್ತು ಕಾಳಗ ನಡೆಯಿತು; ಸ್ಟುವರ್ಟನು ಕುಮ್ಮಕ್ಕು ತಂದ ಮೇಲೆ ಮೈಸೂರಿನವರು ಹಿಂದಿರುಗಿದರು. ಊರುಗಳಿಗೆ ಕಿಚ್ಚಿಡುವುದರಲ್ಲಿ ಪ್ರಸಿದ್ಧನಾಗಿ ‘ಬೆಂಕಿ ನವಾಬ’ನೆಂದು ಹೆಸರು ಪಡೆದಿದ್ದ ಮಹಮ್ಮದ್ ರಜಾ ಅಲ್ಲಿ ಬಿದ್ದನು. ಕನ್ನಡದ ‘ಬೆಂಕಿ’ ಎಂಬ ಮಾತು ಇವನ ಮೂಲಕವೇ ಇಂಗ್ಲಿಷರ ಚರಿತ್ರೆಯ ಪುಸ್ತಕಗಳನ್ನು ಹೊಕ್ಕಿತು. ಇಂಗ್ಲಿಷರ ಕಡೆಯಲ್ಲಿ ನಿಂತು ಆ ದಿನದ ಕಾಳಗವನ್ನು ನೋಡಿದವರಲ್ಲಿ ವೀರರಾಜೇಂದ್ರನೂ ಒಬ್ಬ. ಹತ್ತು ವರ್ಷಗಳ ಹಿಂದೆ ಯಾವ ಕೋಟೆಯಿಂದ ತಪ್ಪಿಸಿಕೊಂಡಿದ್ದನೋ ಆ ಕೋಟೆಯ ದಿಕ್ಕಿಗೆ ಶತ್ರುವಿನ ದಂಡು ಹಿಮ್ಮೆಟ್ಟುವುದನ್ನು ಕಂಡಾಗ ಅವನ ಮನಸ್ಸಿನಲ್ಲಿ ಏನಿತ್ತೋ ಬಲ್ಲವರಾರು? ಸುಲ್ತಾನನು 11ರವರೆಗೆ ಪಿರಿಯಾಪಟ್ಟಣದಲ್ಲಿಯೇ ತಳುವಿ, ಅನಂತರ ಹೊರಟುಹೋದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಅವನೂ ಬಿದ್ದನು.

ಸಿದ್ಧೇಶ್ವರದವರೆಗೂ ಹೋಗಬೇಕೆಂದು ನಮಗೆ ಆಸೆಯಿತ್ತು. ನಮ್ಮಲ್ಲೊಬ್ಬರ ಮಂಡಿ ಒಪ್ಪಲಿಲ್ಲ.

ಊರನ್ನು ಪ್ರಿಯಪಟ್ಟಣವೆಂದು ತಿಳಿದುಕೊಂಡವನೆಂದು ಹಿಂದೆ ಹೇಳಿದೆವಷ್ಟೆ. ಅವನು ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್. ಗೆದ್ದ ನಾಡಿನ ಬೆಳೆ ಬದುಕುಗಳನ್ನು ಪರೀಕ್ಷಿಸಿ ಬರೆಯುವುದಕ್ಕಾಗಿ ಕಂಪನಿ ಸರ್ಕಾರ ಅವನನ್ನು ಕಳುಹಿಸಿತ್ತು. 1800ರಲ್ಲಿ ಅವನು ಇಲ್ಲಿಗೆ ಬಂದಾಗ ಒಳಕೋಟೆಯಲ್ಲಿ ಒಬ್ಬ ಮನುಷ್ಯನೂ ವಾಸವಾಗಿರಲಿಲ್ಲ. ಹುಲಿಗಳಿದ್ದುವು. ಕೆಲವು ರಾತ್ರಿಗಳ ಹಿಂದೆ ದಾರಿತಪ್ಪಿ ಒಳಹೊಕ್ಕ ಕುದುರೆಯೊಂದು ಅವಕ್ಕೆ ಆಹಾರವಾಗಿತ್ತು. ನಡುಹಗಲಿನಲ್ಲಿಯೂ ಒಂಟಿಯಾಗಿ ಹೋಗಲು ಜನ ಹೆದರುತ್ತಿದ್ದರು. ಬುಕಾನನ್ನನ ಹಿಂದೆ ದೊಡ್ಡ ಗುಂಪೇ ಇದ್ದರೂ, ಅಲ್ಲಿನ ದೇವಾಲಯಗಳೊಳಕ್ಕೆ ಕಾಲಿಡಬಾರದೆಂದು ಅವನನ್ನು ತಡೆದರು. ಬಿಸಿಲಿನ ಹೊತ್ತಿನಲ್ಲಿ ಹುಲಿಗಳು ತಂಪಿಗೆಂದು ಮಲಗುತ್ತಿದ್ದುದು ಗುಡಿಗಳ ಕತ್ತಲೆಯಲ್ಲಿ. ಅವನು ಇದನ್ನು ರಾಗಿಯ ಬೆಲೆಯನ್ನೂ ಎತ್ತಿನ ತಳಿಯನ್ನೂ ಬರೆಯುವ ಸಮಾಧಾನದಲ್ಲಿಯೇ ಬರೆದಿಟ್ಟಿದ್ದಾನೆ. ಒಂದು ರಾಜಧಾನಿಯ ಅಂತ್ಯವನ್ನು ಇದಕ್ಕಿಂತ ಭಯಂಕರವಾಗಿ ಹೇಳಿದ ಕವಿಯನ್ನು ನಾವು ಓದಿಲ್ಲ.

ನಾವು ಹೀಗೆ ಮಾತನಾಡಿಕೊಳ್ಳುತ್ತಿದ್ದಾಗ, ಅಗಳಿನ ಇಳಿಜಾರಿನಲ್ಲಿ ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲೂರಿಕೊಂಡು ಮೇಲೆ ಬಂದರು. ನಮ್ಮನ್ನೂ ನಮ್ಮ ಬೈಸಿಕಲ್ಲುಗಳನ್ನೂ ನೋಡಿ, ‘ಏನ್ ಸೋಮಿ, ಏನ್ ನೋಡೋಕ್ ಬಂದ್ರಿ?’ ಎಂದರು.

‘ಕೋಟೆ ನೋಡೋಣ ಅಂತ ಬಂದ್ವಿ, ಯಜಮಾನರೆ.’

‘ಕೋಟೆ ಎಲ್ಲೈತೆ ಈಗ? ಕಲ್ಲೆಲ್ಲ ಊರೊಳಕ್ಕೆ ಹೋಯ್ತು. ಅಗಳೊಂದು ಉಳ್ಕೊಂಡೈತೆ. ಗುಂಡೀನ ಯಾರ್ ಹೊತ್ಕೊಂಡ್ ಹೋದಾರು?’

ನಾವು ಪುಸ್ತಕಗಳನ್ನು ಓದಿ, ಮಂಡಿ ನೋಯಿಸಿಕೊಂಡು ತಿಳಿದದ್ದನ್ನು ಅವರು ಒಂದು ಎಲೆ ಅಡಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಿದರು. ರಾಣಿಯರ ಕಥೆ ಏನಾದರೂ ಗೊತ್ತುಂಟೆ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ನೀರಿನ ಕಡೆಗೆ ನೋಡಿ, ‘ನಮ್ಮಜ್ಜಿ ಏನೋ ಏಳೋಳು. ಇತ್ಲಾಗೆ ನೀರಿಗೆ ಬರೋವಾಗ ಒಂದ್ ಚೂರು ಅರಿಸ್ನ ಕುಂಕುಮ ಆಕ್ಬುಟ್ಟು ಬರೋಳು. ಯಾಕೆ ಅಂತ ನಾನ್ ಕೇಳ್ಳಿಲ್ಲ’ ಎಂದರು. ನಮ್ಮಲ್ಲಿ ಬರೆದುಕೊಳ್ಳುತ್ತಿದ್ದವರು ಬರೆಯುವುದನ್ನು ನಿಲ್ಲಿಸಿದರು. ಆ ಅರಿಸಿನ ಕುಂಕುಮ ಯಾರಿಗಾಗಿ ಎಂಬುದನ್ನು ನಾವು ಊಹಿಸಿ ಹೇಳುವುದು ಸರಿಯಲ್ಲ. ನೀರಿಗೆ ಹಾಕುವುದು ಗಂಗಮ್ಮನಿಗೂ ಇದ್ದೀತು.

ಹೊತ್ತು ಇಳಿಯುತ್ತಿತ್ತು. ಮುದುಕರು ಹ್ಹೆ ಹ್ಹೆ ಎಂದು ಆಡುಗಳನ್ನು ಮೇಲಕ್ಕೆ ಎಬ್ಬಿಸಿದರು. ಎಲ್ಲವೂ ಬಂದುವು, ಒಂದು ಮರಿ ಮಾತ್ರ ನೀರಿನಂಚಿಗೆ ಇಳಿದದ್ದು, ಹತ್ತಲಾರದೆ ಅರಚುತ್ತಿತ್ತು. ನಮ್ಮಲ್ಲಿ ಕಿರಿಯರಾದವರು ಚಪ್ಪಲಿ ಬಿಟ್ಟು ಇಳಿದು, ಎರಡು ಸಲ ಜಾರಿ, ಅದನ್ನು ಎದೆಗವಚಿಕೊಂಡು ಮೇಲೆ ತಂದರು. ಬಟ್ಟೆಯೆಲ್ಲ ಕೆಸರಾಯಿತು. ಹಾಗೆಯೇ ಬೈಸಿಕಲ್ಲನ್ನೇರಿ, ಬೆಟ್ಟವನ್ನು ಈಗ ಎಡಗಡೆಗೆ ಮಾಡಿಕೊಂಡು, ಬ್ಯಾರನ್ನುಗಳ ಕೆಂಡದ ಬೆಳಕು ಅಲ್ಲಲ್ಲಿ ಕಾಣುತ್ತಿದ್ದ ಹಾದಿಯಲ್ಲಿ ರಾವಂದೂರಿಗೆ ಹಿಂದಿರುಗಿದೆವು.